ಮೊದಲು ‘ಏನಿಲ್ಲ’ ಎನ್ನಬೇಕು

ರುಸ್ತಾಕ್‌ನ ನಮ್ಮ ಬಾಡಿಗೆ ಮನೆಗೆ ಆ ದಿನಗಳಲ್ಲಿ ಬೀಗವೇನೋ ಇತ್ತು, ಹಗಲಲ್ಲಿ ಅದನ್ನು ಹಾಕಿದ್ದು ಮಾತ್ರ ನನಗೆ ನೆನಪಿಲ್ಲ. ಅಸರ್ ನಮಾಜು ಮುಗಿದು, ಬಿಸಿಲು ಕೋಟೆಯ ಗೋಡೆಯಿಂದ ಇಳಿಯತೊಡಗಿದರೆ ಸಾಕು, ಓಣಿಯ ಹೆಂಗಸರು ಚಪ್ಪಲಿ ಎಳೆದುಕೊಂಡು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೊರಡುತ್ತಿದ್ದರು. ಯಾರದೋ ಅಂಗಳದಲ್ಲಿ ಲುಬಾನಿನ ಧೂಪದ ಹೊಗೆ, ಯಾರದೋ ಒಲೆಯ ಮೇಲೆ ಏಲಕ್ಕಿ ಹಾಕಿದ ಕಾಫಿ, ಕಾವಾ, ನಮ್ಮ ಅಡುಗೆಮನೆಯಲ್ಲಿ ಉಮ್ಮ, ನನ್ನ ತಾಯಿ, ಕದ್ದುಮುಚ್ಚಿ ಸುಡುತ್ತಿದ್ದ ಒಣಮೀನು. ಕದ್ದುಮುಚ್ಚಿ ಎಂದರೆ ಹೆಸರಿಗೆ ಮಾತ್ರ. ಆ ವಾಸನೆ ನಮ್ಮ ವಿಳಾಸವನ್ನು ಇಡೀ ಓಣಿಗೆ ಸಾರುತ್ತಿತ್ತು. ಗಲ್ಫಿನ ಸಣ್ಣ ಊರುಗಳಲ್ಲಿ ಬಾಲ್ಯ ಕಳೆದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ.

ಉಪ್ಪನಿಗೆ, ಅಂದರೆ ನನ್ನ ತಂದೆಗೆ, ಸೂಕ್ ಎನ್ನುವ ಪೇಟೆಯ ಅಂಚಿನಲ್ಲಿ ಒಂದು ದಿನಸಿ ಅಂಗಡಿ. ನಾವು ಪುತ್ತೂರಿನ ಕಡೆಯ ಬ್ಯಾರಿಗಳು. ಮನೆಯಲ್ಲಿ ಮಾತೆಲ್ಲ ಬ್ಯಾರಿಯಲ್ಲಿ. ಆದರೆ ಉಪ್ಪ ಕನ್ನಡ ಶಾಲೆಯಲ್ಲಿ ಓದಿದವರು, ಗಂಭೀರವಾದ ವಿಷಯ ಬಂದರೆ ಕನ್ನಡಕ್ಕೆ ಹೊರಳುತ್ತಿದ್ದರು. ಹಾಗಾಗಿ ಅವರು ಕನ್ನಡದಲ್ಲಿ “ಸಫೂ, ಇಲ್ಲಿ ಬಾ” ಎಂದರೆ ನನ್ನ ಎದೆ ಧಸಕ್ಕೆನ್ನುತ್ತಿತ್ತು.

ಆ ವರ್ಷ ಸೆಕೆ ಇಳಿಯುವ ಹೊತ್ತಿನಲ್ಲಿ ಅವರು ಹಾಗೆ ಕರೆದರು. ಕಾರಣ ನನಗೆ ಗೊತ್ತಿತ್ತು. ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ ಒಂದು ಸುಭಾಷಿತ ಹೇಳಲು ಟೀಚರ್ ನನ್ನನ್ನು ಮುಂದೆ ನಿಲ್ಲಿಸಿದ್ದರು. ಒಂದೇ ಒಂದು ವಾಕ್ಯ. ಮನೆಯಲ್ಲಿ ಅದನ್ನು ಹಲ್ಲುಜ್ಜುವಾಗ ಹೇಳಿದ್ದೆ, ತಲೆ ಬಾಚಿಸಿಕೊಳ್ಳುವಾಗ ಹೇಳಿದ್ದೆ. ಮೈಕಿನ ಮುಂದೆ ನಿಂತಾಗ ಮೊದಲು ಕೇಳಿಸಿದ್ದು ನನ್ನದೇ ಉಸಿರು, ಅದೂ ಮೈದಾನದ ತುಂಬ. ನಾಲಗೆ ಅಂಗುಳಕ್ಕೆ ಅಂಟಿಕೊಂಡಿತು, ಕಿವಿ ಕಾದವು. ಎಲ್ಲರೂ ನೋಡುತ್ತಿದ್ದರು. ನಾನು ಸುಮ್ಮನೆ ನಿಂತೆ, ಟೀಚರ್ ಬಂದು ಭುಜ ಹಿಡಿದು ಕರೆದುಕೊಂಡು ಹೋಗುವವರೆಗೂ ನಿಂತೇ ಇದ್ದೆ. ಅಂದಿನಿಂದ ತರಗತಿಯಲ್ಲಿ ಹಾಜರಿ ಕರೆದಾಗಲೂ ಕೈಯಷ್ಟೇ ಎತ್ತುತ್ತಿದ್ದೆ.

“ನೋಡು ಸಫೂ,” ಎಂದರು ಉಪ್ಪ. “ನಿನ್ನ ಸ್ಕೂಲು ಈ ವರ್ಷಕ್ಕೆ ಖಲಾಸ್. ಮೇಲಿನ ಕ್ಲಾಸು ಇಲ್ಲಿ ಇಲ್ಲ. ಮಸ್ಕತ್ ಕಡೆಯ ದೊಡ್ಡ ಸ್ಕೂಲಿಗೆ ಹೋಗ್ಬೇಕಾದ್ರೆ ಅಲ್ಲಿ ಇಂಟರ್‌ವ್ಯೂ ಉಂಟು. ನೀನು ಬಾಯಿ ಬಿಡುದಿಲ್ಲ. ಬಾಯಿ ಬಿಡದವಳನ್ನು ಅವರು ತಗೊಳ್ಳುದಿಲ್ಲ. ಊರಲ್ಲಿ ನನ್ನ ಅಕ್ಕನ ಮನೆಯಲ್ಲಿ ನಿಂತು ಓದು. ಅದೇ ಒಳ್ಳೇದು.”

ಪುತ್ತೂರಿನ ಮಾಮಿಯ ಮನೆ ನನಗೆ ರಜೆಯಲ್ಲಿ ಮಾತ್ರ ಗೊತ್ತು. ಒಳ್ಳೆಯವರೇ. ಆದರೆ ಅಲ್ಲಿ ಉಮ್ಮ ಇರುವುದಿಲ್ಲ. ಆ ಮಾತನ್ನು ಹೇಳಲೂ ನನಗೆ ಬಾಯಿ ಬರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಉಮ್ಮ ನನ್ನ ಪರವಾಗಿ ಒಂದು ದಾರಿ ಹುಡುಕಿದರು. “ಬರುವ ತಿಂಗಳು ಮಸ್ಕತ್ತಿನಲ್ಲಿ ಕನ್ನಡದವರ ಫಂಕ್ಷನ್ ಉಂಟಲ್ಲ? ಮಕ್ಕಳ ಭಾಷಣ ಅಂತ ಹೇಳಿದ್ರಿ. ಅಲ್ಲಿ ಮಾತಾಡ್ಲಿ. ಮಾತಾಡಿದ್ರೆ ಇಲ್ಲೇ ಇರ್ಲಿ.”

ಉಪ್ಪ “ಆಯ್ತು” ಎಂದರು. ಬಾಣಲೆಯಿಂದ ಬೆಂಕಿಗೆ ಬಿದ್ದೆ ಎಂದುಕೊಂಡು ನಾನು ಹಿತ್ತಲಿಗೆ ಓಡಿದೆ.

ವಿಷಯ ‘ನಮ್ಮ ಊರು’. ಭಾಷಣವನ್ನು ಉಪ್ಪನೇ ತಯಾರಿಸಿದರು. ಪುತ್ತೂರು ಮುತ್ತಿನ ಊರು ಎಂದು ಶುರುವಾಗಿ, ಅಡಿಕೆ, ಕೋಕೋ, ಗೇರುಬೀಜಗಳನ್ನು ದಾಟಿ, ಕನ್ನಡಾಂಬೆಗೆ ಜಯಕಾರದೊಂದಿಗೆ ಮುಗಿಯುತ್ತಿತ್ತು. ಸಂಜೆ ಗಿರಾಕಿ ಕಡಿಮೆಯಾದಾಗ ನನ್ನನ್ನು ಅಂಗಡಿಯಲ್ಲಿ ಹಾಲಿನ ಕ್ರೇಟಿನ ಮೇಲೆ ನಿಲ್ಲಿಸುತ್ತಿದ್ದರು. ಎದುರಿಗೆ ಈರುಳ್ಳಿಯ ಚೀಲಗಳು.

“ಸಭೆಯಲ್ಲಿ ಕೂತವರನ್ನೆಲ್ಲ ಈರುಳ್ಳಿ ಅಂತ ಗ್ರಹಿಸು. ಈರುಳ್ಳಿಗೆ ಯಾರಾದ್ರೂ ಹೆದರ್ತಾರಾ?”

“ಹೆದರುದಿಲ್ಲ, ಅಳ್ತಾರೆ,” ಎಂದರು ಲೆಕ್ಕಕ್ಕಿಲ್ಲದಂತೆ ಮೂಲೆಯಲ್ಲಿ ಬೇಳೆ ಆರಿಸುತ್ತಿದ್ದ ಉಮ್ಮ.

ಈರುಳ್ಳಿಗಳ ಮುಂದೆ ನಾನು ಬಹಳ ಚೆನ್ನಾಗಿ ಮಾತಾಡಿದೆ. ಅಡಿಕೆ, ಕೋಕೋ ಎಲ್ಲ ಸರಾಗವಾಗಿ ಬಂದವು. ಅಷ್ಟರಲ್ಲಿ ಬಾಗಿಲ ಪರದೆ ಸರಿಸಿ ಒಬ್ಬ ಗಿರಾಕಿ ಬಂದು ಮೊಸರು ಕೇಳಿದ. ಅವನು ನನ್ನ ಕಡೆ ನೋಡಿ ಸುಮ್ಮನೆ ನಕ್ಕ, ಅಷ್ಟೇ. ಗೇರುಬೀಜ ಗಂಟಲಲ್ಲೇ ಉಳಿಯಿತು. ಉಪ್ಪ ಹಣೆ ಚಚ್ಚಿಕೊಂಡರು. ಬಾಯಿ ಇದ್ದವ ಬರಗಾಲದಲ್ಲೂ ಬದುಕಿದ ಎಂಬ ಗಾದೆಯನ್ನು ಆ ಒಂದು ತಿಂಗಳಲ್ಲಿ ನಾನು ಕೇಳಿದಷ್ಟು ಇನ್ಯಾವತ್ತೂ ಕೇಳಿಲ್ಲ. ನಾಲಗೆಗೆ ರುಸ್ತಾಕ್‌ನ ಜೇನು ಸವರಿ ನೋಡಿದರು. ನಾಲಗೆಯ ಗಂಟು ಬಿಡಿಸೆಂದು ಬೇಡುವ ದುಆ ಓದಿಸಿದರು. ಜೇನು ರುಚಿಯಾಗಿತ್ತು.

ಈ ಮಧ್ಯೆ ಸಂಜೆಗಳು ಎಂದಿನಂತೆ ನಡೆಯುತ್ತಿದ್ದವು. ಅಂಗಡಿಯಿಂದ ಬಂದ ಮೇಲೆ ನಾನೂ ಉಮ್ಮನೂ ಪಕ್ಕದ ಮನೆಯ ಉಮ್ಮ್ ಸಾಲಿಂ ಬಳಿಗೆ ಹೋಗುತ್ತಿದ್ದೆವು. ಸಾಲಿಂ ಎಂಬ ಮಗನ ತಾಯಿಯಾದ್ದರಿಂದ ಆ ಹೆಸರು. ಅವರ ಸ್ವಂತ ಹೆಸರು ಹಿಡಿದು ಓಣಿಯಲ್ಲಿ ಯಾರೂ ಕರೆಯುತ್ತಿರಲಿಲ್ಲ. ದಪ್ಪ ಮೈಯ, ಮೂಗಿನ ಮೇಲೆ ಸಣ್ಣ ಹಚ್ಚೆ ಇದ್ದ ಮುದುಕಿ. ಅವರ ಅಂಗಳದ ಅಂಚಿನಲ್ಲೇ ಫಲಜ್ ಹರಿಯುತ್ತಿತ್ತು. ಬೆಟ್ಟದ ಬುಡದಿಂದ ಖರ್ಜೂರದ ತೋಟಗಳಿಗೆ ನೀರು ತರುವ ಕಲ್ಲುಗಾಲುವೆ ಅದು. ಅದರಲ್ಲಿ ಕಾಲು ಇಳಿಬಿಟ್ಟು, ಖರ್ಜೂರದ ಬೀಜಗಳನ್ನು ದೋಣಿಯೆಂದು ತೇಲಿಬಿಡುವುದು ನನ್ನ ಆಟ. ಅವು ತೇಲುತ್ತಿರಲಿಲ್ಲ, ಮುಳುಗುತ್ತಿದ್ದವು. ಆದರೂ ಬಿಡುತ್ತಿದ್ದೆ.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಒಳಗೆ ಹೋದೊಡನೆ ಮಾತು ಶುರುವಾಗುವುದಿಲ್ಲ. ಮೊದಲು ಚಾಪೆ, ಆಮೇಲೆ ಖರ್ಜೂರ, ಆಮೇಲೆ ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ ಕಾವಾ. ಅಷ್ಟಾದ ಮೇಲೆ ಉಮ್ಮ್ ಸಾಲಿಂ ಕಾಲು ಮಡಚಿ ನೆಟ್ಟಗೆ ಕೂತು, ಬಂದವರನ್ನು ನೋಡಿ ಕೇಳುತ್ತಿದ್ದರು: “ಶೇ ಉಲೂಮ್?” ಏನಾದರೂ ಸುದ್ದಿ ಉಂಟೋ ಎಂದು. ಬಂದವರು ಹೇಳಬೇಕಾದ ಉತ್ತರ ಒಂದೇ: “ಮಾ ಶೇ, ಅಲ್‌ಹಮ್ದುಲಿಲ್ಲಾ.” ಏನಿಲ್ಲ, ದೇವರ ದಯೆ. ಮನೆಯಲ್ಲಿ ಮದುವೆ ಗೊತ್ತಾಗಿದ್ದರೂ ಏನಿಲ್ಲ, ಯಾರೋ ತೀರಿಕೊಂಡಿದ್ದರೂ ಏನಿಲ್ಲ. ಅದನ್ನು ಹೇಳಿದ ಮೇಲೆ ಉಮ್ಮ್ ಸಾಲಿಂ ಆತುರಪಡದೆ ಬಟ್ಟಲಿಗೆ ಇನ್ನಷ್ಟು ಕಾವಾ ಬಗ್ಗಿಸಿ ಕಾಯುತ್ತಿದ್ದರು. ಆಗ ಒಂದೊಂದೇ ಹೊರಗೆ ಬರುತ್ತಿತ್ತು. ಮೊದಲು ಮಳೆ, ಫಲಜಿನ ನೀರು, ತೋಟ. ಆಮೇಲೆ ಆಡು, ಕೋಳಿ. ಆಮೇಲೆ ಮನುಷ್ಯರು. ಎದೆಯಲ್ಲಿ ಭಾರವಾಗಿದ್ದದ್ದು ಕೊಟ್ಟಕೊನೆಗೆ.

ಉಮ್ಮ ಹೊಸದಾಗಿ ಮದುವೆಯಾಗಿ ಬಂದಾಗ ಅಲ್ಲಿ ಬಾಯಿಯೇ ತೆರೆಯುತ್ತಿರಲಿಲ್ಲವಂತೆ. ನನ್ನ ಉಮ್ಮ ಎಂದರೆ, ಮನೆಗೆ ಫೋನು ಬಂದರೆ ಎತ್ತದೆ ಅದು ತಾನಾಗಿ ಸುಮ್ಮನಾಗುವವರೆಗೆ ಪಕ್ಕದಲ್ಲಿ ನಿಂತು ನೋಡುವವರು. ಅಪರಿಚಿತರ ಮುಂದೆ ತಲೆವಸ್ತ್ರದ ಸೆರಗು ಹಲ್ಲಿಗೆ ಹೋಗುತ್ತಿತ್ತು. ಆದರೆ ಉಮ್ಮ್ ಸಾಲಿಂ ದಿನಾ ಕೇಳಿದರು, ದಿನಾ ಕಾದರು. ಹರಕುಮುರುಕು ಅರಬ್ಬಿಯಲ್ಲಿ, ಉರ್ದು ಸೇರಿಸಿ, ಸಾಲದ್ದಕ್ಕೆ ಬ್ಯಾರಿಯನ್ನೂ ಸೇರಿಸಿ ಉಮ್ಮ ಸುದ್ದಿ ಹೇಳಲು ಕಲಿತರು. ನಾನು ಕಂಡಂತೆ ಆ ಚಾಪೆಯ ಮೇಲೆ ಉಮ್ಮ ಬೇರೆಯೇ ಹೆಂಗಸು. ಕೈ ಬೀಸಿ, ಕಣ್ಣರಳಿಸಿ, ಪುತ್ತೂರಿನ ಜಗಳಗಳನ್ನು ರುಸ್ತಾಕ್‌ನ ಮುದುಕಿಗೆ ಅಭಿನಯಿಸಿ ತೋರಿಸುತ್ತಿದ್ದರು.

ಒಂದು ಸಂಜೆ ನನ್ನ ಮುಖ ನೋಡಿ ಉಮ್ಮ್ ಸಾಲಿಂ ಪ್ರಶ್ನೆಯನ್ನು ನನಗೇ ಹಾಕಿದರು. ನಾನು ‘ಮಾ ಶೇ’ ಎಂದೆ. ಅವರು ಕಾವಾ ಬಗ್ಗಿಸಿದರು. ಫಲಜಿನ ನೀರು ಕಡಿಮೆಯಾಗಿದೆ ಎಂದೆ. ಅವರ ಬಿಳಿ ಆಡು ಉಪ್ಪನ ಕನ್ನಡ ಪೇಪರು ತಿಂದಿದೆ ಎಂದೆ. ಅವರು ನಕ್ಕು, ತಲೆಯಾಡಿಸಿ ಕಾದರು. ಕೊನೆಗೆ ಮಸ್ಕತ್, ಭಾಷಣ, ಊರಿಗೆ ಕಳಿಸುವುದು, ಎಲ್ಲ ದುಡುದುಡು ಬಂತು. ಜೊತೆಗೆ ಅಳುವೂ ಬಂತು.

“ಈಗ ಮಾತಾಡಿದೆಯಲ್ಲ, ಯಾ ಬಿಂತಿ, ನನ್ನ ಮಗಳೇ,” ಎಂದರು ಉಮ್ಮ್ ಸಾಲಿಂ. “ಇಷ್ಟು ಹೊತ್ತು ಯಾರು ಮಾತಾಡಿದ್ದು? ಆಡೇ?”

“ನೀವು ಕೇಳಿದ್ರಿ, ಅದಕ್ಕೆ ಹೇಳಿದೆ. ಅಲ್ಲಿ ಯಾರೂ ಕೇಳುದಿಲ್ಲ. ಸುಮ್ಮನೆ ನೋಡ್ತಾರೆ,” ಎಂದೆ.

ಮುದುಕಿ ಉಮ್ಮನ ಕಡೆ ತಿರುಗಿ ಹುಬ್ಬು ಏರಿಸಿದರು. ಉಮ್ಮ ಬಟ್ಟಲನ್ನು ಅಲ್ಲಾಡಿಸಿ ‘ಸಾಕು’ ಎಂದು ಕೆಳಗಿಟ್ಟರು. ನನ್ನ ಭಯ ಏನೆಂಬುದು ಆ ದಿನ ಬಾಯಿಗೆ ಬಂದಿತ್ತು, ನನಗೆ ಮಾತ್ರ ಅದು ತಿಳಿಯಲಿಲ್ಲ. ಜನರಿಗೆ ನಾನು ಹೆದರುತ್ತಿರಲಿಲ್ಲ. ಯಾರೂ ಕೇಳದಿದ್ದದ್ದನ್ನು ಹೇಳಲು ಹೆದರುತ್ತಿದ್ದೆ.

ಕಾರ್ಯಕ್ರಮದ ದಿನ ಉಪ್ಪನ ಪಿಕಪ್‌ನಲ್ಲಿ ಮೂವರೂ ಮುಂದೆ ಕೂತು ಹೊರಟೆವು. ದಾರಿಯುದ್ದಕ್ಕೂ ಉಪ್ಪ ಭಾಷಣ ಹೇಳಿಸಿದರು. ಬರ್ಕಾ ದಾಟುವ ಹೊತ್ತಿಗೆ ನಾನು ವಾಂತಿ ಮಾಡಿದೆ. ಉಮ್ಮ ನೀರು ಚಿಮುಕಿಸಿ, ಬಾಳೆಎಲೆಯ ಬದಲು ಫಾಯಿಲ್‌ನಲ್ಲಿ ಸುತ್ತಿದ್ದ ಪತ್ತಿರ್ ಬಿಚ್ಚಿ ಒಂದು ಚೂರು ಕೊಟ್ಟರು. ತೆಂಗಿನಹಾಲಿನ ಆ ರೊಟ್ಟಿ ಆವತ್ತು ರುಚಿಸಲಿಲ್ಲ. ಈಗ ಅದರ ಒಂದು ಚೂರಿಗಾಗಿ ಏನು ಬೇಕಾದರೂ ಕೊಟ್ಟೇನು.

ಹಾಲ್ ತುಂಬ ರೇಷ್ಮೆ ಸೀರೆ, ಮಲ್ಲಿಗೆ, ಅತ್ತರು. ತುಳು, ಕೊಂಕಣಿ, ಕನ್ನಡ ಒಟ್ಟಿಗೇ ಕಿವಿಗೆ ಬೀಳುತ್ತಿದ್ದವು. ಮಸ್ಕತ್ತಿನ ಮಕ್ಕಳು ಒಬ್ಬೊಬ್ಬರಾಗಿ ಹತ್ತಿ ತಮ್ಮ ಉಡುಪಿ, ತಮ್ಮ ಮಂಗಳೂರು, ತಮ್ಮ ಕುಂದಾಪುರಗಳನ್ನು ಉಸಿರು ಬಿಡದೆ ಒಪ್ಪಿಸಿ, ಇಳಿದು ಬಂದು ತಮ್ಮತಮ್ಮಲ್ಲಿ ಇಂಗ್ಲಿಷಿನಲ್ಲಿ ಹರಟುತ್ತಿದ್ದರು. ಉಪ್ಪ ಮುಂದಿನ ಸಾಲಿನಲ್ಲಿ ಕೂತಿದ್ದರು. ಉಮ್ಮ ಕಪ್ಪು ಅಬಾಯಾದಲ್ಲಿ, ಅಭ್ಯಾಸದಂತೆ, ಕೊನೆಯ ಸಾಲಿನ ಮೂಲೆಯ ಕುರ್ಚಿಯಲ್ಲಿ.

ನನ್ನ ಹೆಸರು ಕರೆದರು. ಹತ್ತಿದೆ. “ಎಲ್ಲರಿಗೂ ನಮಸ್ಕಾರ. ನಮ್ಮ ಊರು ಪುತ್ತೂರು. ಪುತ್ತೂರು ಮುತ್ತಿನ ಊರು” ಎಂದೆ. ಅಲ್ಲಿಗೆ ನಿಂತಿತು. ಅದೇ ಉಸಿರು, ಅದೇ ಮೈಕು. ಮುತ್ತಿನ ನಂತರ ಅಡಿಕೆಯೋ, ಕೋಕೋವೋ? ಈರುಳ್ಳಿಗಳನ್ನು ನೆನೆಸಿಕೊಂಡೆ, ಈರುಳ್ಳಿಗಳಿಗೆ ಕಣ್ಣುಗಳು ಮೂಡಿದ್ದವು. ಮುಂದಿನ ಸಾಲಿನಲ್ಲಿ ಉಪ್ಪ ತುಟಿಯಲ್ಲೇ ‘ಅಡಿಕೆ, ಅಡಿಕೆ’ ಎನ್ನುತ್ತಿದ್ದದ್ದು ಕಾಣುತ್ತಿತ್ತು, ಹೇಳಲು ಮಾತ್ರ ಆಗುತ್ತಿರಲಿಲ್ಲ. ಯಾರೋ ಕನಿಕರದಿಂದ ಚಪ್ಪಾಳೆ ಶುರುಮಾಡಿದರು. ಇನ್ನು ಇಳಿಯಬೇಕು, ಪುತ್ತೂರಿಗೆ ಹೋಗಬೇಕು ಎಂದುಕೊಂಡೆ.

ಆಗ ಹಾಲ್‌ನ ಹಿಂದುಗಡೆ ಒಂದು ಕುರ್ಚಿ ಕಿರ್ರೆಂದಿತು. ಉಮ್ಮ ಎದ್ದು ನಿಂತಿದ್ದರು. ಸೆರಗು ಹಲ್ಲಿನಲ್ಲಿರಲಿಲ್ಲ.

“ಶೇ ಉಲೂಮ್, ಮೋಳೆ?”

ಏನು ಸುದ್ದಿ ಮಗಳೇ ಎಂದು ಎಷ್ಟು ಜೋರಾಗಿ ಕೇಳಿದರೆಂದರೆ ಇಡೀ ಸಭೆ ಹಿಂದಕ್ಕೆ ತಿರುಗಿತು. ಕನ್ನಡದ ಕಾರ್ಯಕ್ರಮದಲ್ಲಿ ಅರಬ್ಬಿಯಲ್ಲಿ ಕೂಗಿದ ಈ ಹೆಂಗಸು ಯಾರೆಂದು ಗುಸುಗುಸು ಎದ್ದಿತು. ಕೆಲವರು ನಕ್ಕರು. ಉಪ್ಪ ಕುರ್ಚಿಯಲ್ಲಿ ಕುಗ್ಗಿದರು. ಉಮ್ಮ ಕೂರಲಿಲ್ಲ. ಕಾವಾ ಬಗ್ಗಿಸಿ ಕಾಯುವವರ ಹಾಗೆ ನನ್ನನ್ನೇ ನೋಡುತ್ತ ನಿಂತರು.

“ಮಾ ಶೇ, ಅಲ್‌ಹಮ್ದುಲಿಲ್ಲಾ,” ಎಂದೆ ಮೈಕಿನಲ್ಲಿ.

ಆಮೇಲೆ ಎಲ್ಲ ಕನ್ನಡದಲ್ಲೇ ಬಂತು. ರುಸ್ತಾಕ್‌ನಲ್ಲಿ ಈ ಸಲ ಇನ್ನೂ ಮಳೆಯಾಗಿಲ್ಲ. ಫಲಜಿನಲ್ಲಿ ನನ್ನ ಮೊಣಕಾಲಿನವರೆಗೆ ಇದ್ದ ನೀರು ಈಗ ಪಾದ ಮುಳುಗುವಷ್ಟೇ ಇದೆ. ಉಮ್ಮ್ ಸಾಲಿಂ ಅವರ ಆಡು ಕನ್ನಡ ಪೇಪರು ತಿನ್ನುತ್ತದೆ, ಅರಬ್ಬಿ ಪೇಪರು ಕೊಟ್ಟರೆ ಮೂಸಿ ಬಿಡುತ್ತದೆ. ಸಭೆ ನಕ್ಕಿತು. ಆ ನಗು ನನಗೆ ಚುಚ್ಚಲಿಲ್ಲ. ಆ ಸಂಜೆ ಉಮ್ಮ್ ಸಾಲಿಂ ಕೂಡ ಈ ಮಾತಿಗೇ ನಕ್ಕಿದ್ದರು. ರುಸ್ತಾಕ್‌ನ ಬಿಸಿನೀರಿನ ಬುಗ್ಗೆಗೆ ಶುಕ್ರವಾರ ಬರುವ ಜನರ ಬಗ್ಗೆ ಹೇಳಿದೆ. ಉಪ್ಪ ನನ್ನನ್ನು ಈರುಳ್ಳಿಯ ಮುಂದೆ ನಿಲ್ಲಿಸಿದ್ದನ್ನು ಹೇಳಿದೆ. ಭಾರವಾದದ್ದು ಕೊನೆಗೆ ಬರಬೇಕಲ್ಲ, ಅದೂ ಬಂತು.

“ಮಾತಾಡದಿದ್ದರೆ ನನ್ನನ್ನು ಊರಿಗೆ ಕಳಿಸುತ್ತಾರಂತೆ. ನನಗೆ ಉಮ್ಮನನ್ನು ಬಿಟ್ಟು ಹೋಗ್ಲಿಕ್ಕೆ ಇಷ್ಟ ಇಲ್ಲ. ಪುತ್ತೂರು ಉಪ್ಪನ ಊರು. ನಮ್ಮ ಊರು ರುಸ್ತಾಕ್.”

ಅಷ್ಟು ಹೇಳಿ ನಮಸ್ಕಾರವನ್ನೂ ಹೇಳದೆ ಇಳಿದು ಬಂದೆ. ಮನೆಯ ಗುಟ್ಟನ್ನು ಊರ ಮುಂದೆ ಇಟ್ಟಿದ್ದೆ. ಚಪ್ಪಾಳೆ ಕೇಳಿಸಿತೋ ಇಲ್ಲವೋ ನೆನಪಿಲ್ಲ. ನಡುವಿನ ದಾರಿಯಲ್ಲಿ ಕೊನೆಯ ಸಾಲಿನವರೆಗೆ ಓಡಿ ಉಮ್ಮನ ಕೈ ಹಿಡಿದೆ. ಆ ಕೈ ತಣ್ಣಗೆ ಕೊರೆಯುತ್ತಿತ್ತು. ನನ್ನ ಕೈ ಬೆಚ್ಚಗಿತ್ತು.

ವಾಪಸು ಹೊರಟೆವು. ಬಹುಮಾನ ಯಾರಿಗೋ ಹೋಗಿತ್ತು, ವಿಷಯ ಬಿಟ್ಟು ಮಾತಾಡಿದೆ ಎಂದು ತೀರ್ಪುಗಾರರು ಹೇಳಿದ್ದರು. ಪೆಟ್ರೋಲ್ ಹಾಕಿಸಲು ನಿಲ್ಲಿಸಿದಾಗ ಉಪ್ಪ, ಕನ್ನಡದಲ್ಲಲ್ಲ, ಬ್ಯಾರಿಯಲ್ಲಿ, ತಮಗೇ ಹೇಳಿಕೊಳ್ಳುವವರಂತೆ ಹೇಳಿದರು: “ಮಸ್ಕತ್ ಸ್ಕೂಲಿಗೆ ವ್ಯಾನ್ ಉಂಟಂತೆ. ಬೆಳಿಗ್ಗೆ ಬೇಗ ಏಳ್ಬೇಕಾಗ್ತದೆ.” ಆಮೇಲೆ ಉಮ್ಮನ ಕಡೆ ತಿರುಗಿ, “ನಿನಗೆ ಇಷ್ಟು ದೊಡ್ಡ ಸ್ವರ ಉಂಟು ಅಂತ ನನಗೆ ಗೊತ್ತೇ ಇರ್ಲಿಲ್ಲ ಮಾರಾಯ್ತಿ,” ಎಂದರು.

“ನೀವು ಯಾವಾಗ ಕೇಳಿದ್ರಿ?” ಎಂದರು ಉಮ್ಮ.

ನಾನು ರುಸ್ತಾಕ್‌ನಲ್ಲೇ ಉಳಿದೆ. ಇಂಟರ್‌ವ್ಯೂಗೆ ಹೋದಾಗ ಎದುರಿಗೆ ಕೂತ ಮೇಡಂ ಪ್ರಶ್ನೆ ಕೇಳುವ ಮೊದಲೇ ಮನಸ್ಸಿನಲ್ಲಿ ಅವರ ಬಾಯಿಂದ ‘ಶೇ ಉಲೂಮ್’ ಎಂದು ಕೇಳಿಸಿಕೊಂಡೆ. ಅಂದಿನಿಂದ ನನ್ನ ಉಪಾಯ ಇದೊಂದೇ. ಹೆದರಿಕೆ ಇಂದಿಗೂ ಹೋಗಿಲ್ಲ, ಹೋಗುವುದೂ ಇಲ್ಲ. ಮಸ್ಕತ್ತಿನ ಬೌಷರ್‌ನಲ್ಲಿರುವ ನನ್ನ ಆಫೀಸಿನಲ್ಲಿ ತಿಂಗಳಿಗೊಮ್ಮೆ ದೊಡ್ಡ ಪರದೆಯ ಮುಂದೆ ನಿಂತು ಮಾತಾಡಬೇಕು. ಮೇಡಂಗೆ ಸ್ಟೇಜ್ ಫಿಯರ್ ಇಲ್ಲವೇ ಇಲ್ಲ ಎಂದು ಹೊಸ ಹುಡುಗರು ನನ್ನ ಬಗ್ಗೆ ಹೇಳುತ್ತಾರೆ. ಬಾಯಿ ತೆರೆಯುವ ಮೊದಲು ನನ್ನ ಕಣ್ಣು ಕೊನೆಯ ಸಾಲಿನ ಮೂಲೆಯ ಕುರ್ಚಿಗೆ ಹೋಗುವುದನ್ನು ಅವರು ಗಮನಿಸಿಲ್ಲ.

ಉಪ್ಪ ಅಂಗಡಿ ಬಿಟ್ಟುಕೊಟ್ಟು ಇಬ್ಬರೂ ಊರಿಗೆ ಹೋದ ಮೇಲೆ ಉಮ್ಮ ಪ್ರತಿ ಶುಕ್ರವಾರ ಫೋನು ಮಾಡುತ್ತಿದ್ದರು. ಫೋನಿಗೆ ಹೆದರುತ್ತಿದ್ದ ಅದೇ ಉಮ್ಮ. ಸಲಾಂ ಆದ ಕೂಡಲೇ “ಶೇ ಉಲೂಮ್?” ನಾನು ‘ಮಾ ಶೇ’ ಎನ್ನುತ್ತಿದ್ದೆ. ಆ ಕಡೆ ಉಮ್ಮ ಸುಮ್ಮನೆ ಕಾಯುತ್ತಿದ್ದರು. ಆಮೇಲೆ ನಾನು ಹೇಳುತ್ತ ಹೋದಂತೆ ನನ್ನ ಚಾ ತಣ್ಣಗಾಗುತ್ತಿತ್ತು. ಹೋದ ವರ್ಷದಿಂದ ಆ ಫೋನು ಬರುವುದಿಲ್ಲ. ನಂಬರನ್ನು ನಾನಿನ್ನೂ ಅಳಿಸಿಲ್ಲ.

ಮೊನ್ನೆ ಒಂದು ಶುಕ್ರವಾರ ಮಗನನ್ನು ಕರೆದುಕೊಂಡು ರುಸ್ತಾಕ್‌ಗೆ ಹೋಗಿದ್ದೆ. ನಾವಿದ್ದ ಮನೆಯ ಜಾಗದಲ್ಲಿ ಟೈರಿನ ಅಂಗಡಿ. ಉಮ್ಮ್ ಸಾಲಿಂ ತೀರಿಹೋಗಿ ಬಹಳ ಕಾಲವಾಯಿತು. ಮೊಮ್ಮಕ್ಕಳು ಮಸ್ಕತ್ತಿನಲ್ಲಿದ್ದಾರಂತೆ, ಬಾಗಿಲಿಗೆ ದಪ್ಪ ಬೀಗ. ಫಲಜ್ ಮಾತ್ರ ಹರಿಯುತ್ತಿತ್ತು. ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟೆ. ಮಗ ಪಕ್ಕದಲ್ಲಿ ಕೂತು ಫೋನು ತೆಗೆದ. ಮುಂದಿನ ವಾರ ಅವನು ಶಾಲೆಯ ಅಸೆಂಬ್ಲಿಯಲ್ಲಿ ಮಾತಾಡಬೇಕು, ರಾತ್ರಿ ಸರಿಯಾಗಿ ನಿದ್ದೆ ಮಾಡುತ್ತಿಲ್ಲ ಎಂದು ನನಗೆ ಗೊತ್ತು. ಅವನಾಗಿ ಹೇಳಿಲ್ಲ.

“ಶೇ ಉಲೂಮ್, ಮೋನೇ?” ಎಂದೆ.

“ನಥಿಂಗ್, ಮಮ್ಮಾ.”

ಫ್ಲಾಸ್ಕಿನಿಂದ ಚಾ ಬಗ್ಗಿಸಿ ಕಾದೆ. ಉಮ್ಮ್ ಸಾಲಿಂ ಕಾದಂತೆ, ಉಮ್ಮ ಕಾದಂತೆ ಕಾದೆ. ನಮ್ಮ ‘ಏನಿಲ್ಲ’ದಿಂದ ಮಾತು ಶುರುವಾಗುತ್ತಿತ್ತು. ಅವನದ್ದು ಅಲ್ಲಿಗೇ ಮುಗಿಯಿತು, ಬೆರಳು ಪರದೆಯ ಮೇಲೆ ಓಡತೊಡಗಿತು. ಬರುವ ಶುಕ್ರವಾರವೂ ಕೇಳುತ್ತೇನೆ. ಉಮ್ಮನಿಗೂ ಒಂದೇ ದಿನದಲ್ಲಿ ಬಂದದ್ದಲ್ಲ.

ಆದರೆ ನನ್ನನ್ನು ಯಾರು ಕೇಳಬೇಕು? ನೂರು ಜನರ ಮುಂದೆ ನಿಂತು ಮಾತಾಡಲು ಕಲಿಸಿದ ಆ ಒಂದು ಸ್ವರವನ್ನು ಈಗ ನಾನು ಕೇಳಬಯಸುತ್ತೇನೆ, ಅಷ್ಟೇ ನನ್ನ ಆಸೆ. ನೀರು ಪಾದ ಮುಳುಗುವಷ್ಟಿತ್ತು. ಖರ್ಜೂರದ ಒಂದು ಬೀಜ ಬಿಟ್ಟೆ, ಮುಳುಗಿತು. ಹಿಂದೆ ಯಾರೂ ನಿಂತಿರಲಿಲ್ಲ, ಯಾರೂ ಏನೂ ಕೇಳಲಿಲ್ಲ. ಆದರೂ ನಾನೇ ಮೆಲ್ಲಗೆ ಹೇಳಿದೆ.

“ಮಾ ಶೇ, ಉಮ್ಮಾ.”

ಅದರ ನಂತರ ಹೇಳಬೇಕಾದದ್ದು ಬಹಳ ಇತ್ತು.